ಬೆಳಕು ಜಾಸ್ತಿಯಾದರೆ ಬಲ್ಬಿನ ಆಯಸ್ಸು ಯಾಕೆ ಕಮ್ಮಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾರಿನ ಹೆಡ್‌ಲೈಟ್ ಬಲ್ಬಿನ ಬಗ್ಗೆಯೇ ಇವೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಸರ್, ಕಾರಿನ ಜೊತೆ ಬಂದಿದ್ದ ಎಚ್7 (55 ವಾಟ್‌ನ ಒಂದು ಹೆಡ್‌ಲೈಟ್ ಬಲ್ಬಿನ ಮಾದರಿ) ಬಲ್ಬುಗಳು ಮೂರು ವರ್ಷ ಉರಿದವು. ಬೆಳಕು ಸಾಲದು ಅಂತ ‘ಶೇ. 150 ಹೆಚ್ಚು ಬೆಳಕು’ ಎಂದು ಡಬ್ಬಿಯ ಮೇಲೆ ಬರೆದಿದ್ದ, ಹೆಸರಿರುವ ಕಂಪನಿಯ ಜೋಡಿ ಹಾಕಿಸಿದೆ. ದಿನಾ ರಾತ್ರಿ ಒಂದೂಕಾಲು ಗಂಟೆ ಓಡಿಸುತ್ತೇನೆ. ಏಳನೇ ತಿಂಗಳಿಗೆ ಒಂದು ಬಲ್ಬು ಹೋಯಿತು, ಎರಡು ವಾರಕ್ಕೆ ಇನ್ನೊಂದೂ ಹೋಯಿತು. ನನಗೆ ನಕಲಿ ಮಾಲು ಕೊಟ್ಟರಾ?

ಉತ್ತರ: ನಕಲಿ ಇರಲಿಕ್ಕಿಲ್ಲ. ನಿಮ್ಮ ಲೆಕ್ಕವನ್ನೇ ಹಿಡಿಯೋಣ. ದಿನಕ್ಕೆ ಒಂದೂಕಾಲು ಗಂಟೆಯಂತೆ ಏಳು ತಿಂಗಳು ಅಂದರೆ ಸುಮಾರು 260 ಗಂಟೆ ಆಯಿತು. ಆ ದರ್ಜೆಯ ಬಲ್ಬಿಗೆ ಇದು ಹೆಚ್ಚುಕಮ್ಮಿ ಪೂರ್ತಿ ಆಯಸ್ಸು. ಮಾಮೂಲಿ ಎಚ್7 ಬಲ್ಬು ಐನೂರು ಗಂಟೆಯ ಆಸುಪಾಸು ಬಾಳುತ್ತದೆ. ‘ಲಾಂಗ್ ಲೈಫ್’ ಅಂತ ಬರುವಂಥದ್ದು ಸಾವಿರ ಗಂಟೆ ದಾಟುತ್ತದೆ. ಕಾರಿನ ಜೊತೆಗೇ ಬರುವ ಬಲ್ಬು ಬಹಳ ಸಲ ಈ ಬಾಳಿಕೆಯ ಜಾತಿಗೆ ಸೇರಿದ್ದು, ಅದಕ್ಕೇ ಅದು ಮೂರು ವರ್ಷ ಬಂತು.

ಇನ್ನು ಯಾಕೆ ಹೀಗೆ ಅನ್ನೋದಕ್ಕೆ ಸ್ವಲ್ಪ ಬಲ್ಬಿನ ಒಳಗೆ ಹೋಗಬೇಕು. ಅಲ್ಲಿರುವುದು ಟಂಗ್‌ಸ್ಟನ್ ತಂತಿಯ ಒಂದು ಪುಟ್ಟ ಸುರುಳಿ. ಕರೆಂಟು ಹರಿದಾಗ ಅದು ಕಾಯುತ್ತದೆ, ಕಾದು ಬೆಳ್ಳಗೆ ಬೆಳಗುತ್ತದೆ, ಅಷ್ಟೇ ಕೆಲಸ. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಮ್ಮ ಬಲ್ಬಿನ ತಂತಿ ದಿನಾ ಕೆಲಸ ಮಾಡುವುದು 2,800 ಡಿಗ್ರಿಯ ಸುತ್ತಮುತ್ತ. ಅಷ್ಟು ಕಾದರೂ ಒಳಗೆ ಹೋದ ಕರೆಂಟಿನಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತದೆ, ಕಣ್ಣಿಗೆ ಕಾಣುವ ಬೆಳಕಾಗುವುದು ಸಣ್ಣ ಪಾಲು. ಅದೇ 55 ವಾಟ್‌ನಲ್ಲಿ ಬೆಳಕಿನ ಪಾಲು ಜಾಸ್ತಿ ಮಾಡಬೇಕೆಂದರೆ ಮುಖ್ಯವಾದ ದಾರಿ ಒಂದೇ: ತಂತಿಯನ್ನು ಇನ್ನಷ್ಟು ಕಾಯಿಸುವುದು. ಅದಕ್ಕಾಗಿ ತಂತಿಯನ್ನು ತೆಳು ಮಾಡಿ, ಸುರುಳಿಯನ್ನು ಇನ್ನೂ ಬಿಗಿಯಾಗಿ ಸುತ್ತುತ್ತಾರೆ.

ತೊಂದರೆ ಶುರುವಾಗುವುದು ಇಲ್ಲಿ. ಬಿಸಿ ಏರಿದಂತೆ ಬೆಳಕು ಬೇಗ ಏರುತ್ತದೆ, ಆದರೆ ತಂತಿ ಆವಿಯಾಗಿ ಸವೆಯುವುದು ಅದಕ್ಕಿಂತಲೂ ತುಂಬಾ ಬೇಗ ಏರುತ್ತದೆ. ಬಲ್ಬಿಗೆ ಸಿಗುವ ವೋಲ್ಟೇಜ್ ಶೇ. 5ರಷ್ಟು ಹೆಚ್ಚಿದರೆ ಬೆಳಕು ಶೇ. 18ರಷ್ಟು ಹೆಚ್ಚುತ್ತದೆ, ಆಯಸ್ಸು ಮಾತ್ರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದು ತಂತಿ ಬಲ್ಬು ಮಾಡುವವರೆಲ್ಲ ಬಳಸುವ ಹಳೆಯ ಲೆಕ್ಕ. ಬೆಳಕು, ಬಾಳಿಕೆ ಎರಡೂ ಒಂದೇ ಗಂಟಿನಿಂದ ಖರ್ಚಾಗುತ್ತವೆ ಅಂದುಕೊಳ್ಳಿ.

ಹಾಗಾದರೆ ಈ ಬಲ್ಬುಗಳ ಒಳಗೆ ತುಂಬುವ ಹ್ಯಾಲೊಜೆನ್ ಅನ್ನುವ ಅನಿಲ ಏನು ಮಾಡುತ್ತದೆ ಅಂತ ಕೇಳಬಹುದು. ಒಳಗೆ ಚೂರೇ ಚೂರು ಅಯೋಡಿನ್ ಅಥವಾ ಬ್ರೋಮಿನ್ ಇರುತ್ತದೆ. ಆವಿಯಾದ ಟಂಗ್‌ಸ್ಟನ್ ಗಾಜಿಗೆ ಅಂಟುವ ಮೊದಲೇ ಅದನ್ನು ಹಿಡಿದು ತಂತಿಯ ಕಡೆಗೆ ವಾಪಸ್ ಒಯ್ಯುತ್ತದೆ. ಅದರಿಂದಲೇ ಹ್ಯಾಲೊಜೆನ್ ಬಲ್ಬಿನ ಗಾಜು ಹಳೆಯ ಬಲ್ಬುಗಳ ಹಾಗೆ ಕಪ್ಪಾಗುವುದಿಲ್ಲ. ಆದರೆ ಅದು ಟಂಗ್‌ಸ್ಟನ್ ಅನ್ನು ಎಲ್ಲಿ ಸವೆದಿತ್ತೋ ಅಲ್ಲೇ ತಂದು ಕೂರಿಸುವುದಿಲ್ಲ, ಸ್ವಲ್ಪ ತಣ್ಣಗಿರುವ ಕಡೆ ಕೂರಿಸುತ್ತದೆ. ಹಾಗಾಗಿ ತೆಳುವಾದ ಜಾಗ ತೆಳುವಾಗಿಯೇ ಉಳಿಯುತ್ತದೆ, ತೆಳುವಾದ್ದರಿಂದ ಅಲ್ಲಿ ಬಿಸಿ ಜಾಸ್ತಿ, ಬಿಸಿ ಜಾಸ್ತಿಯಾದ್ದರಿಂದ ಸವೆತ ಜಾಸ್ತಿ, ಹೀಗೇ ಸವೆದು ಸವೆದು ಒಂದು ದಿನ ತುಂಡಾಗುತ್ತದೆ. ಅದೂ ಬಹಳ ಸಲ ಸ್ವಿಚ್ ಹಾಕಿದ ಕ್ಷಣದಲ್ಲೇ. ತಣ್ಣಗಿರುವ ತಂತಿಗೆ ತಡೆ ಕಮ್ಮಿ, ಆ ಒಂದು ಕ್ಷಣ ಮಾಮೂಲಿಗಿಂತ ಹತ್ತು ಪಟ್ಟಿನಷ್ಟು ಕರೆಂಟು ನುಗ್ಗುತ್ತದೆ. ಸವೆದ ಜಾಗ ಅದನ್ನು ತಾಳುವುದಿಲ್ಲ.

ನಿಮ್ಮ ಎರಡು ಬಲ್ಬುಗಳು ಎರಡು ವಾರದ ಅಂತರದಲ್ಲಿ ಹೋದವು ಅಲ್ವಾ, ಅದಕ್ಕೂ ಆಶ್ಚರ್ಯ ಬೇಡ. ಒಂದೇ ದಿನ ಹಾಕಿದ್ದು, ಅಷ್ಟೇ ಗಂಟೆ ಉರಿದದ್ದು. ಒಂದು ಹೋದ ದಿನವೇ ಇನ್ನೊಂದನ್ನೂ ಬದಲಿಸಿಬಿಡುವುದು ಒಳ್ಳೆಯದು.

ಪ್ರಶ್ನೆ: ಶೇ. 150 ಹೆಚ್ಚು ಬೆಳಕು ಅಂದರೆ ಎರಡೂವರೆ ಪಟ್ಟು ಆಗಬೇಕಲ್ಲ? ಹಾಕಿಸಿಕೊಂಡು ಬಂದ ರಾತ್ರಿ ಅಷ್ಟೇನೂ ಫರಕ್ ಕಾಣಲಿಲ್ಲ.

ಉತ್ತರ: ಎರಡೂವರೆ ಪಟ್ಟು ಆಗುವುದಕ್ಕೆ ನಿಯಮವೇ ಬಿಡುವುದಿಲ್ಲ. ಬಹಳಷ್ಟು ದೇಶಗಳು ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ 37ನೇ ವಾಹನ ನಿಯಮದ ಪ್ರಕಾರ ಎಚ್7 ಬಲ್ಬಿನ ಒಟ್ಟು ಬೆಳಕು 1,500 ಲ್ಯೂಮೆನ್ (ಬೆಳಕನ್ನು ಅಳೆಯುವ ಮಾನ), ಅದರಲ್ಲಿ ಶೇ. 10 ಆಚೀಚೆ ಆಗಬಹುದು. ದೂರದ ಬೆಳಕು (ಹೈ ಬೀಮ್), ಹತ್ತಿರದ ಬೆಳಕು (ಲೋ ಬೀಮ್) ಎರಡನ್ನೂ ಒಂದೇ ಬಲ್ಬು ಕೊಡುವ ಎಚ್4ಗೆ ಹೈ ಬೀಮ್‌ನಲ್ಲಿ 1,650, ಲೋ ಬೀಮ್‌ನಲ್ಲಿ 1,000 ಲ್ಯೂಮೆನ್, ಇಲ್ಲಿ ಶೇ. 15 ಆಚೀಚೆ. ಅಂದರೆ ಅತಿ ಒಳ್ಳೆಯ ಎಚ್7 ಕೂಡ 1,650 ಲ್ಯೂಮೆನ್ ದಾಟುವಂತಿಲ್ಲ.

ಮತ್ತೆ 150 ಎಲ್ಲಿಂದ ಬಂತು? ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ನಿಯಮ ಕೇಳುವ ಕನಿಷ್ಠ ಬೆಳಕಿಗೆ ಹೋಲಿಸಿದರೆ, ರಸ್ತೆಯ ಮೇಲೆ ಮುಂದಿನ ಕೆಲವು ಗೊತ್ತಾದ ಬಿಂದುಗಳಲ್ಲಿ ಇಷ್ಟು ಹೆಚ್ಚು ಅಂತ ಅದರ ಅರ್ಥ. ಮಾಮೂಲಿ ಬಲ್ಬೇ ಆ ಕನಿಷ್ಠಕ್ಕಿಂತ ಎಷ್ಟೋ ಮೇಲಿರುತ್ತದೆ. ಸುರುಳಿ ಚಿಕ್ಕದಾಗಿ ಒತ್ತಾಗಿ ಇದ್ದಾಗ ಬಲ್ಬಿನ ಹಿಂದಿರುವ ಕನ್ನಡಿಯಂಥ ಬಟ್ಟಲು, ಅಂದರೆ ರಿಫ್ಲೆಕ್ಟರ್, ಆ ಬೆಳಕನ್ನು ಚೆನ್ನಾಗಿ ಕೂಡಿಸಿ ದೂರಕ್ಕೆ ಹಾಕುತ್ತದೆ. ಇದು ನಿಜವಾದ ಲಾಭ, ಇಲ್ಲ ಅನ್ನುವುದಿಲ್ಲ. ಆದರೆ ಆ ಸಂಖ್ಯೆ ನೋಡಿ ಆಸೆ ಇಟ್ಟುಕೊಂಡರೆ ನಿರಾಸೆಯೇ.

ಇನ್ನೊಂದು ಮಾತು. ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಒಂದು ದಿಕ್ಕಿನಲ್ಲಿ ಬೆಳಕು ಎರಡು ಪಟ್ಟಾದರೂ ಅದು ತಲುಪುವ ದೂರ ಎರಡು ಪಟ್ಟಾಗುವುದಿಲ್ಲ, ಹೆಚ್ಚೆಂದರೆ 1.4 ಪಟ್ಟು ಆಗುತ್ತದೆ. ಅದನ್ನೂ ಸುಮ್ನೆ ತಳ್ಳಿಹಾಕಬೇಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನೋಡಿ ಬ್ರೇಕಿಗೆ ಕಾಲಿಡುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 33 ಮೀಟರ್ ಹೋಯಿತು. ಒಣಗಿದ ಒಳ್ಳೆಯ ರಸ್ತೆಯಲ್ಲಿ ನಿಲ್ಲುವುದಕ್ಕೆ ಇನ್ನೂ 35 ಮೀಟರ್ ಬೇಕು. ಒಟ್ಟು 70 ಮೀಟರ್ ಹತ್ತಿರ ಬಂತು. ಲೋ ಬೀಮ್ ಚೆನ್ನಾಗಿ ತೋರಿಸುವುದೂ ಹೆಚ್ಚುಕಮ್ಮಿ ಅಷ್ಟೇ ದೂರ. ಅಲ್ಲಿ ಹತ್ತು ಮೀಟರ್ ಮುಂಚೆ ಕಂಡರೂ ಅದು ದೊಡ್ಡ ವಿಷಯ.

ಪ್ರಶ್ನೆ: ನೂರು ವರ್ಷದಿಂದ ಉರಿಯುತ್ತಿರುವ ಬಲ್ಬು ಒಂದಿದೆ ಅಂತ ಓದಿದ್ದೇನೆ. ಹಾಗೆ ಮಾಡಲು ಬರುತ್ತದೆ ಅಂದಮೇಲೆ ಕಂಪನಿಗಳು ಬೇಕಂತಲೇ ಬೇಗ ಹೋಗುವ ಬಲ್ಬು ಮಾಡುತ್ತಿವೆ ಎಂದಾಯಿತಲ್ಲವೇ?

ಉತ್ತರ: ಆ ಬಲ್ಬು ನಿಜ. ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿದೆ, 1901ರಲ್ಲಿ ಹಾಕಿದ್ದು. ಅದರ ತಂತಿ ಇಂಗಾಲದ್ದು. ಆದರೆ ಅದು ಈಗ ಉರಿಯುವುದು ಸುಮಾರು 4 ವಾಟ್‌ನಲ್ಲಿ, ಕೆಂಪು ಕೆಂಪಾದ ಮಂಕು ಬೆಳಕಿನಲ್ಲಿ. ಆಫ್ ಮಾಡುವುದೂ ಅಪರೂಪ. ಅದರ ಕೆಳಗೆ ಕೂತು ಪೇಪರ್ ಓದಲು ಕಷ್ಟ. ಅಂಥ ಬಲ್ಬನ್ನು ಕಾರಿಗೆ ಹಾಕಿದರೆ ಬಲ್ಬು ನಮಗಿಂತ ಜಾಸ್ತಿ ಬಾಳುತ್ತದೆ, ರಸ್ತೆ ಕಾಣುವುದಿಲ್ಲ.

ನಿಮ್ಮ ಅನುಮಾನಕ್ಕೆ ಆಧಾರವೇ ಇಲ್ಲ ಅಂತಲೂ ಹೇಳುವುದಿಲ್ಲ. 1924ರಲ್ಲಿ ದೊಡ್ಡ ಬಲ್ಬು ಕಂಪನಿಗಳು ಫೀಬಸ್ ಅನ್ನುವ ಒಕ್ಕೂಟ ಮಾಡಿಕೊಂಡು, ಮನೆ ಬಲ್ಬಿನ ಆಯಸ್ಸನ್ನು ಸಾವಿರ ಗಂಟೆಗೆ ಕಟ್ಟಿಹಾಕಿದ್ದವು. ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡವನ್ನೂ ಹಾಕುತ್ತಿದ್ದವು. ಅದು ತಪ್ಪೇ. ಆದರೆ ಹೆಡ್‌ಲೈಟ್ ವಿಷಯದಲ್ಲಿ ಬೆಳಕಿಗೂ ಬಾಳಿಕೆಗೂ ಇರುವ ಜಗಳ ಯಾರೂ ಹುಟ್ಟಿಸಿದ್ದಲ್ಲ, ಕಾದ ಲೋಹದ ಗುಣವೇ ಅದು. ಇಲ್ಲಿ ಕಂಪನಿಗಳು ಎರಡೂ ಥರದ್ದನ್ನು ಮಾರುತ್ತವೆ, ಆಯ್ಕೆ ನಮ್ಮದು. ನನಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. ಶೇ. 150 ಅಂತ ದಪ್ಪ ಅಕ್ಷರದಲ್ಲಿ ಬರೆಯುವವರು ಆ ಬಲ್ಬು ಎಷ್ಟು ಗಂಟೆ ಬಾಳುತ್ತದೆ ಅನ್ನೋದನ್ನೂ ಪಕ್ಕದಲ್ಲಿ ಅಷ್ಟೇ ದಪ್ಪಗೆ ಬರೆಯಬೇಕು.

ಪ್ರಶ್ನೆ: ಎಚ್4ನ 60/55 ವಾಟ್ ಬಲ್ಬು (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55) ತೆಗೆದು 100/90 ವಾಟ್‌ನದು ಹಾಕಿದರೆ? ಬಾಳಿಕೆಯೂ ಬರುತ್ತದೆ, ಬೆಳಕೂ ಬರುತ್ತದೆ ಅಂತ ಸ್ನೇಹಿತ ಹೇಳುತ್ತಾನೆ.

ಉತ್ತರ: ಬೇಡ. 55 ವಾಟ್ ಬಲ್ಬು 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್ ಎಳೆದರೆ 90 ವಾಟ್‌ನದು ಏಳೂವರೆ ಎಳೆಯುತ್ತದೆ. ವೈರಿನಲ್ಲಿ, ಸ್ವಿಚ್ಚಿನಲ್ಲಿ, ಹೋಲ್ಡರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಹೋಲ್ಡರ್ ಕರಗಿ ಕಪ್ಪಾಗಿರುವುದನ್ನು, ರಿಫ್ಲೆಕ್ಟರಿನ ಬೆಳ್ಳಿ ಹೊಳಪು ಸುಲಿದು ಬಂದಿರುವುದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊಳಪು ಹೋದ ರಿಫ್ಲೆಕ್ಟರಿಗೆ ಆಮೇಲೆ ಯಾವ ಬಲ್ಬು ಹಾಕಿದರೂ ಬೆಳಕಿಲ್ಲ. ಎದುರಿಗೆ ಬರುವವರ ಕಣ್ಣು ಕೋರೈಸುತ್ತದೆ, ಬಹಳಷ್ಟು ಕಡೆ ರಸ್ತೆಯಲ್ಲಿ ಇದಕ್ಕೆ ಅನುಮತಿಯೂ ಇಲ್ಲ.

ಪ್ರಶ್ನೆ: ಹನ್ನೆರಡು ವರ್ಷದ ಕಾರು. ಯಾವ ಬಲ್ಬು ಹಾಕಿದರೂ ಹಳದಿ ಹಳದಿಯಾಗಿ ಮಂಕಾಗಿಯೇ ಉರಿಯುತ್ತದೆ. ವಿಚಿತ್ರ ಅಂದರೆ ಬಲ್ಬು ಹೋಗುವುದೇ ಇಲ್ಲ, ಐದು ವರ್ಷದಿಂದ ಅದೇ ಇದೆ. ಮೆಕ್ಯಾನಿಕ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿಸಿ ಅನ್ನುತ್ತಾರೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮಂಕಾಗಿದೆ, ಹಳದಿಯಾಗಿದೆ, ಆದರೆ ಹೋಗುವುದಿಲ್ಲ: ಇದು ಬಲ್ಬಿಗೆ ವೋಲ್ಟೇಜ್ ಸಾಲದೇ ಇರುವ ಲಕ್ಷಣ. ವೋಲ್ಟೇಜ್ ಶೇ. 10ರಷ್ಟು ಕಮ್ಮಿಯಾದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ, ಆಯಸ್ಸು ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಮೊದಲನೇ ಉತ್ತರದಲ್ಲಿ ಹೇಳಿದ ಲೆಕ್ಕವೇ, ಈ ಸಲ ತಿರುಗಾ ಮುರುಗಾ ಆಗಿದೆ.

ನನ್ನ ಹಳೆಯ ಕಾರಿನಲ್ಲಿ ಇದೇ ಆಗಿತ್ತು. ಒಂದರ ಮೇಲೊಂದು ಮೂರು ಜೋಡಿ ಬಲ್ಬು ಬದಲಿಸಿದೆ, ಪ್ರತಿ ಸಲವೂ ಮೊದಲಿಗಿಂತ ದುಬಾರಿಯದ್ದು. ಏನೂ ಆಗಲಿಲ್ಲ. ಕೊನೆಗೆ ಮಲ್ಟಿಮೀಟರ್ ಹಿಡಿದು ಕೂತೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್ ಇತ್ತು. ಲೈಟ್ ಉರಿಯುತ್ತಿರುವಾಗಲೇ ಬಲ್ಬಿನ ಹಿಂದಿನ ಪಿನ್ನುಗಳಲ್ಲಿ ನೋಡಿದರೆ 11.8. ಎರಡು ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತಿತ್ತು! ಹುಡುಕಿದಾಗ ಅರ್ತ್ ವೈರು ಬಾಡಿಗೆ ಸೇರುವ ಕಡೆ ಬೋಲ್ಟಿನ ಕೆಳಗೆ ತುಕ್ಕು. ಉಜ್ಜಿ ಹೊಳೆಯುವಂತೆ ಮಾಡಿ, ಹೊಸ ಅರ್ತ್ ವೈರು ಎಳೆದು, ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಮತ್ತು ರಿಲೇ ಹಾಕಿದ ಮೇಲೆ ಬಲ್ಬಿಗೆ 13.5 ಬಂತು. ಆವತ್ತಿನ ರಾತ್ರಿ ಓಡಿಸಿದ್ದು ಇನ್ನೂ ನೆನಪಿದೆ. ಅದೇ ಬಲ್ಬು, ಅದೇ ರಸ್ತೆ, ಆದರೆ ರಸ್ತೆಯಂಚಿನ ಗುಂಡಿ ಕಾಣುತ್ತಿತ್ತು. ಲೆಕ್ಕ ಹಾಕಿದರೆ, ಅಲ್ಲಿಯವರೆಗೆ ಬರಬೇಕಾದ ಬೆಳಕಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನನಗೆ ಸಿಗುತ್ತಲೇ ಇರಲಿಲ್ಲ.

ಆ ಬಲ್ಬುಗಳು ಆಮೇಲೆ ವರ್ಷ ತುಂಬುವ ಮೊದಲೇ ಹೋದವು. ಆಗ ನನಗೆ ಬೇಸರವಾಗಲಿಲ್ಲ, ಅವು ಮೊದಲ ಸಲ ಪೂರ್ತಿ ಕೆಲಸ ಮಾಡಿದ್ದವು.

ಹಾಗಾಗಿ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯೇ ಇರಬಹುದು, ಆದರೆ ಮೊದಲು ಅಳೆಯಲು ಹೇಳಿ. ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟಿನ ಅಂತರ ಇದ್ದರೆ ಅದು ಸಹಜ. ಒಂದು ವೋಲ್ಟ್ ದಾಟಿದರೆ ವೈರಿಂಗ್ ನೋಡಲೇಬೇಕು. ಇದಕ್ಕೆ ಉಲ್ಟಾ ತೊಂದರೆ ಇರುವವರೂ ಇದ್ದಾರೆ: ಮಾಮೂಲಿ ಬಲ್ಬೇ ಎರಡು ಮೂರು ತಿಂಗಳಿಗೆ ಒಂದರಂತೆ ಹೋಗುತ್ತಿದ್ದರೆ ಚಾರ್ಜಿಂಗ್ ವೋಲ್ಟೇಜ್ ನೋಡಿಸಿ. ಬಹಳಷ್ಟು ಕಾರುಗಳಲ್ಲಿ ಅದು 13.8ರಿಂದ 14.4ರೊಳಗೆ ಇರುತ್ತದೆ. 15 ದಾಟುತ್ತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಲ್ಲಿ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಅದು ಬಲ್ಬಿನ ಜೊತೆಗೆ ಬ್ಯಾಟರಿಯನ್ನೂ ತಿನ್ನುತ್ತದೆ.

ಪ್ರಶ್ನೆ: ನೀಲಿ ಗಾಜಿನ ಬಿಳಿ ಬಲ್ಬು ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಬೆಳಕು ಜಾಸ್ತಿ ಅಲ್ವಾ?

ಉತ್ತರ: ನೋಡಲು ಬೆಳ್ಳಗೆ ಕಾಣುತ್ತದೆ ನಿಜ. ಆದರೆ ನೀಲಿ ಲೇಪ ಮಾಡುವುದು ಒಂದೇ ಕೆಲಸ: ಹಳದಿ, ಕೆಂಪು ಬೆಳಕನ್ನು ತಡೆಯುವುದು. ತಂತಿಯಿಂದ ಬರುವ ಬೆಳಕಿನಲ್ಲಿ ಅದೇ ಜಾಸ್ತಿ ಇರುವುದು. ಹಾಗೆ ಕಳೆದುಕೊಂಡದ್ದನ್ನು ತುಂಬಿಸಲು ತಂತಿಯನ್ನು ಇನ್ನಷ್ಟು ಕಾಯಿಸುತ್ತಾರೆ. ಕೊನೆಗೆ ಬೆಳಕೂ ಸ್ವಲ್ಪ ಕಮ್ಮಿ, ಬಾಳಿಕೆಯೂ ಕಮ್ಮಿ. ಎರಡೂ ಕಡೆ ನಷ್ಟ ಆಗುವ ಬಲ್ಬು ಇದೊಂದೇ ಅಂತ ನನ್ನ ಅಭಿಪ್ರಾಯ. ಗಾಜಿನ ಮೇಲೆ ಸಣ್ಣ ನೀಲಿ ಪಟ್ಟಿ ಮಾತ್ರ ಇರುವ, ಸುರುಳಿಯ ಮುಂದಿನ ಗಾಜು ತಿಳಿಯಾಗಿರುವ ಬಲ್ಬು ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಹ್ಯಾಲೊಜೆನ್ ತೆಗೆದು ಅದೇ ಜಾಗಕ್ಕೆ ಎಲ್‌ಇಡಿ ಬಲ್ಬು ಹಾಕಿದರೆ ಮುಗಿಯಿತಲ್ಲ? 50,000 ಗಂಟೆ ಅಂತ ಬರೆದಿರುತ್ತಾರೆ.

ಉತ್ತರ: ಕಾರಿನ ಜೊತೆಗೇ ಎಲ್‌ಇಡಿ ಹೆಡ್‌ಲೈಟ್ ಬಂದಿದ್ದರೆ ತುಂಬಾ ಸಂತೋಷ, ಅದರ ಲೆನ್ಸು, ಬಿಸಿ ಹೊರಹಾಕುವ ಲೋಹದ ರೆಕ್ಕೆಗಳು ಎಲ್ಲವನ್ನೂ ಅದಕ್ಕೆಂದೇ ಮಾಡಿರುತ್ತಾರೆ. ಹ್ಯಾಲೊಜೆನ್ ಜಾಗಕ್ಕೆ ಸಿಕ್ಕಿಸುವ ಎಲ್‌ಇಡಿಯ ಕತೆ ಬೇರೆ. ರಿಫ್ಲೆಕ್ಟರನ್ನು ರೂಪಿಸಿರುವುದು ಸುತ್ತಲೂ ಬೆಳಗುವ ಒಂದು ಸಣ್ಣ ಸುರುಳಿಗಾಗಿ. ಎಲ್‌ಇಡಿ ಚಿಪ್ಪು ಎರಡು ಪಕ್ಕಕ್ಕೆ ಮಾತ್ರ ಬೆಳಗುತ್ತದೆ. ಸ್ವಲ್ಪ ಆಚೀಚೆ ಆದರೂ ಬೆಳಕು ಕಾರಿನ ಮುಂದೆಯೇ ರಾಶಿ ಬೀಳುತ್ತದೆ, ದೂರಕ್ಕೆ ಹೋಗುವುದಿಲ್ಲ, ಎದುರಿನವರ ಕಣ್ಣಿಗೆ ಮಾತ್ರ ಹೊಡೆಯುತ್ತದೆ. ಹತ್ತಿರದ ರಸ್ತೆ ತುಂಬಾ ಬೆಳಗಿದಾಗ ನಮ್ಮ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ದೂರದ್ದು ಮೊದಲಿಗಿಂತ ಕಮ್ಮಿ ಕಾಣುತ್ತದೆ, ಆದರೆ ನಮಗೆ ‘ಎಷ್ಟು ಬೆಳಕಪ್ಪಾ’ ಅನ್ನಿಸುತ್ತಿರುತ್ತದೆ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ.

ಬಾಳಿಕೆಯ ವಿಷಯಕ್ಕೆ ಬಂದರೆ, ಎಲ್‌ಇಡಿಗೂ ಬಿಸಿಯೇ ಶತ್ರು. ಹೆಚ್ಚು ಕರೆಂಟು ಕೊಟ್ಟರೆ ಹೆಚ್ಚು ಬೆಳಕು, ಹೆಚ್ಚು ಬಿಸಿ, ಕಮ್ಮಿ ಆಯಸ್ಸು. ವ್ಯತ್ಯಾಸ ಏನೆಂದರೆ ಅದು ಒಮ್ಮೆಗೇ ತುಂಡಾಗುವುದಿಲ್ಲ, ಮೆಲ್ಲಗೆ ಮಂಕಾಗುತ್ತದೆ. 50,000 ಗಂಟೆ ಅನ್ನುವುದು ಚಿಪ್ಪನ್ನು ತಣ್ಣಗೆ ಇಟ್ಟಾಗಿನ ಮಾತು. ಮುಚ್ಚಿದ ಹೆಡ್‌ಲೈಟ್ ಒಳಗೆ, ಕಾದ ಎಂಜಿನ್ನಿನ ಪಕ್ಕ, ಒಂದು ಪುಟಾಣಿ ಫ್ಯಾನನ್ನು ನಂಬಿಕೊಂಡ ಬಲ್ಬು ಅಷ್ಟು ಬಾಳುವುದಿಲ್ಲ. ಫ್ಯಾನು ನಿಂತ ದಿನ ಚಿಪ್ಪಿನ ಆಯಸ್ಸೂ ಇಳಿಯಲು ಶುರು. ಅನುಮತಿಯ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ, ಹಾಕಿಸುವ ಮೊದಲು ಅದನ್ನು ವಿಚಾರಿಸಿ.

ಪ್ರಶ್ನೆ: ಬಲ್ಬಿನ ಗಾಜು ಮುಟ್ಟಬಾರದು ಅನ್ನುವುದು ನಿಜವೇ?

ಉತ್ತರ: ನಿಜ. ಅದು ಕ್ವಾರ್ಟ್ಜ್ ಗಾಜು, ನೂರಾರು ಡಿಗ್ರಿ ಕಾಯುತ್ತದೆ. ಬೆರಳಿನ ಎಣ್ಣೆ, ಉಪ್ಪು ಅಂಟಿದ ಜಾಗದಲ್ಲಿ ಗಾಜು ಕೆಟ್ಟು ಮಸುಕಾಗುತ್ತದೆ, ಒಡೆಯಲೂಬಹುದು. ಬುಡವನ್ನೇ ಹಿಡಿದು ಹಾಕಿ. ತಪ್ಪಿ ಮುಟ್ಟಿದರೆ, ಹೊತ್ತಿಸುವ ಮೊದಲೇ ಸ್ಪಿರಿಟ್ ಹಾಕಿದ ಶುಭ್ರ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ವಾರಕ್ಕೆ ಮೂರು ನಾಲ್ಕು ರಾತ್ರಿ ಅವರೇ ಕಾರು ಓಡಿಸುತ್ತಾರೆ. ಇತ್ತೀಚೆಗೆ ‘ರಸ್ತೆ ಕಾಣುವುದಿಲ್ಲ’ ಅನ್ನುತ್ತಿದ್ದಾರೆ. ಬಾಳಿಕೆ ಬರುವ ಬಲ್ಬು ಹಾಕಿಸಲೋ, ಬೆಳಕು ಜಾಸ್ತಿ ಇರುವುದನ್ನೋ? ಅವರಿಗೆ ಪದೇ ಪದೇ ಗ್ಯಾರೇಜಿಗೆ ಹೋಗುವುದು ಇಷ್ಟವಿಲ್ಲ.

ಉತ್ತರ: ಬೆಳಕು ಜಾಸ್ತಿ ಇರುವುದನ್ನೇ ಹಾಕಿಸಿ, ಅದೇ ವಾಟ್‌ನಲ್ಲಿ. ಅರವತ್ತು ದಾಟಿದ ಕಣ್ಣಿನ ಒಳಪದರಕ್ಕೆ ಮುಟ್ಟುವ ಬೆಳಕು ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗಿರುತ್ತದೆ, ಕಣ್ಣಿನ ಮಸೂರ ಹಳದಿಯಾಗಿರುತ್ತದೆ. ಅವರಿಗೆ ಒಂದೊಂದು ಹನಿ ಬೆಳಕೂ ಬೇಕು. ಬಲ್ಬಿನ ಆಯಸ್ಸು ಉಳಿಸಲು ಇದು ಜಾಗವಲ್ಲ. ಹಗಲು ಹೊತ್ತು ಮಾತ್ರ ಓಡಿಸುವವರು, ಅಥವಾ ನಿಯಮದಂತೆ ಹಗಲೂ ಲೈಟ್ ಹಾಕಿಕೊಂಡೇ ಓಡಿಸಬೇಕಾದವರು ಕೇಳಿದ್ದರೆ ಲಾಂಗ್ ಲೈಫ್ ಅನ್ನುತ್ತಿದ್ದೆ.

ಆದರೆ ಬಲ್ಬು ಕೊಳ್ಳುವ ಮೊದಲು ಹಗಲಿನಲ್ಲಿ ಒಂದು ಸಲ ಹೆಡ್‌ಲೈಟಿನ ಮುಂದೆ ಕೂತು ನೋಡಿ. ಹೊರಗಿನ ಪ್ಲಾಸ್ಟಿಕ್ ಮುಚ್ಚಳ ಹಳದಿಯಾಗಿ, ಮಂಜು ಕವಿದಂತೆ ಇದೆಯೇ? ಬಿಸಿಲಿಗೆ ಹಾಗಾಗುತ್ತದೆ. ಹಾಗಿದ್ದರೆ ಅದನ್ನು ಪಾಲಿಶ್ ಮಾಡಿಸಿ, ಮೇಲೆ ಬಿಸಿಲು ತಡೆಯುವ ಲೇಪ ಹಾಕಿಸಿ, ಇಲ್ಲವೇ ಮುಚ್ಚಳ ಬದಲಿಸಿ. ಮುಚ್ಚಳ ತುಂಬಾ ಮಸುಕಾಗಿದ್ದರೆ ಯಾವ ಬಲ್ಬಿನಿಂದಲೂ ಸಿಗದಷ್ಟು ಬೆಳಕು ಇದೊಂದರಿಂದಲೇ ಸಿಗುತ್ತದೆ. ಆಮೇಲೆ ಫೋಕಸ್ ಸರಿ ಮಾಡಿಸಿ. ಲೈಟ್ ಸ್ವಲ್ಪ ಕೆಳಗೆ ಬಾಗಿದ್ದರೂ ಇಪ್ಪತ್ತು ಮೂವತ್ತು ಮೀಟರ್ ನೋಟ ಹೋಗುತ್ತದೆ. ಜೊತೆಗೆ ಅವರ ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ‘ರಸ್ತೆ ಕಾಣುವುದಿಲ್ಲ’ ಅನ್ನುವುದು ಪೊರೆಯ ಶುರುವೂ ಇರಬಹುದು.

ಗ್ಯಾರೇಜಿನ ಓಡಾಟದ ಬಗ್ಗೆ: ಎರಡು ಜೋಡಿ ಒಟ್ಟಿಗೆ ತಂದುಬಿಡಿ. ಒಂದನ್ನು ಹಾಕಿ, ಇನ್ನೊಂದನ್ನು ಡಬ್ಬಿ ಸಮೇತ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಡಿ. ಹಾಕಿದ ತಾರೀಖನ್ನು ಒಂದು ಟೇಪಿನ ಮೇಲೆ ಬರೆದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿ. ಅವರು ರಾತ್ರಿ ಎಷ್ಟು ಗಂಟೆ ಓಡಿಸುತ್ತಾರೆ ಅನ್ನೋದು ನಿಮಗೆ ಗೊತ್ತು, 200 ಗಂಟೆ ಆಗುವಷ್ಟರಲ್ಲಿ ಒಂದು ಭಾನುವಾರ ಹಗಲಿನಲ್ಲಿ ನೀವೇ ಕೂತು ಎರಡನ್ನೂ ಬದಲಿಸಿ. ಬಹಳಷ್ಟು ಕಾರುಗಳಲ್ಲಿ ಅದು ಹತ್ತು ನಿಮಿಷದ ಕೆಲಸ. ತೆಗೆದ ಬಲ್ಬುಗಳು ಇನ್ನೂ ಉರಿಯುತ್ತಿದ್ದರೆ ಎಸೆಯಬೇಡಿ, ಅದೇ ಡಬ್ಬಿಯಲ್ಲಿ ಇಟ್ಟರೆ ತುರ್ತಿಗೆ ಬರುತ್ತವೆ.